ಗೈಡ್ ಮನೆಯ ತರಕಾರಿ ಚೀಲ

ಶಾಲೆಯಲ್ಲಿ ಮೇಷ್ಟ್ರು ಒಬ್ಬರು, ಮಕ್ಕಳು ನಲವತ್ತು. ವರ್ಷ ಮುಗಿದರೆ ತರಗತಿ ಬದಲು, ಮೇಷ್ಟ್ರೂ ಬದಲು. ಗಣಿತದ ಮೇಡಂ ಗದರಿದರೆ ಕನ್ನಡದ ಮೇಷ್ಟ್ರು ಬೆನ್ನು ತಟ್ಟುತ್ತಾರೆ, ಅಲ್ಲಿಗೆ ಸರಿಹೋಗುತ್ತದೆ. ಪಿಎಚ್.ಡಿ. ಎಂಬ ದೊಡ್ಡ ಓದು ಹಾಗಲ್ಲ. ಅಲ್ಲಿ ವಿದ್ಯಾರ್ಥಿಗೆ ಮುಖ್ಯವಾಗಿ ಒಬ್ಬರೇ ಗುರು. ಅವರನ್ನು ‘ಗೈಡ್’ ಎನ್ನುತ್ತಾರೆ. ಮಕ್ಕಳೇ, ಇದು ನೀವು ಪರೀಕ್ಷೆಯ ಹಿಂದಿನ ರಾತ್ರಿ ತಿರುವಿಹಾಕುವ ಗೈಡ್ ಅಲ್ಲ. ನಡೆದಾಡುವ, ಸಿಟ್ಟಾಗುವ, ನಗುವ, ಸಹಿ ಹಾಕುವ ಗೈಡ್!

ಈ ‘ಸಹಿ ಹಾಕುವ’ ಎಂಬ ಮಾತಿನಲ್ಲೇ ಇರುವುದು ಎಲ್ಲ ಕಥೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ ಬೇಕು, ಸಾಮಾನ್ಯವಾಗಿ 6 ವರ್ಷದೊಳಗೆ ಮುಗಿಸಬೇಕು. ಒಬ್ಬ ಪ್ರೊಫೆಸರ್ ಒಂದು ಕಾಲಕ್ಕೆ 8 ಮಂದಿಗಿಂತ ಹೆಚ್ಚು ಜನರಿಗೆ ಗೈಡ್ ಆಗುವಂತಿಲ್ಲ. ಅಸೋಸಿಯೇಟ್ ಪ್ರೊಫೆಸರ್ ಆದರೆ 6, ಅಸಿಸ್ಟೆಂಟ್ ಪ್ರೊಫೆಸರ್ ಆದರೆ 4. ಆ ಕೆಲವೇ ಮಂದಿಯ ಪಾಲಿಗೆ ಗೈಡ್ ಎಂದರೆ ಬೀಗದ ಕೈ ಗೊಂಚಲು ಇದ್ದ ಹಾಗೆ. ವಿಷಯ ಆರಿಸಲು ಅವರ ಒಪ್ಪಿಗೆ, ಸಹಾಯಧನದ ಕಾಗದಕ್ಕೆ ಅವರ ಸಹಿ, ಬರೆದ ಮಹಾಪ್ರಬಂಧ ಒಪ್ಪಿಸಲು ಅವರ ಸಹಿ, ಮುಂದೆ ಕೆಲಸಕ್ಕೆ ಅರ್ಜಿ ಹಾಕಿದರೆ ಶಿಫಾರಸಿಗೂ ಅವರದೇ ಪತ್ರ. ಇಷ್ಟು ಬೀಗದ ಕೈ ಹಿಡಿದವರು ಪ್ರೀತಿಯಿಂದ ಏನಾದರೂ ಕೇಳಿದರೂ ಅದು ಶಿಷ್ಯನ ಕಿವಿಗೆ ಅಪ್ಪಣೆಯಂತೆಯೇ ಕೇಳುತ್ತದೆ.

ನಾನು ಈ ಎರಡೂ ಕಡೆ ಕೂತವಳು. ಮೊದಲು ಶಿಷ್ಯೆ, ಆಮೇಲೆ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದ ಮೇಡಂ. ಈಗ ಎರಡು ಮೊಮ್ಮಕ್ಕಳ ಅಜ್ಜಿ. ಗುರು ಶಿಷ್ಯರ ನಡುವೆ ಒಂದು ಗೆರೆ ಇರಬೇಕು ಎಂದು ನಾನು ಹೇಳಿದರೆ ನನ್ನ ವಯಸ್ಸಿನವರು ಹುಬ್ಬೇರಿಸುತ್ತಾರೆ. “ಗುರುವಿನ ಹತ್ತಿರ ಎಂಥ ಗೆರೆ? ಗುರು ದೇವರ ಸಮಾನ ಅಲ್ವಾ?” ಅನ್ನುತ್ತಾರೆ. ಅವರಿಗೆ ನಾನು ನನ್ನ ರಾಗಿ ಹೊಲದ ಕಥೆ ಹೇಳುತ್ತೇನೆ.

ಅದು 1970ರ ದಶಕದ ಕೊನೆ. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ತಂದಿದ್ದ ಕಾಲ. ರೈತರ ಮನೆಗಳಲ್ಲೂ ಕಾಲೇಜುಗಳಲ್ಲೂ ಅದೇ ಮಾತು. ನಾನೂ ರಾಗಿಯ ಮೇಲೆಯೇ ಸಂಶೋಧನೆಗೆ ಸೇರಿದೆ. ನನ್ನ ಗೈಡ್ ತುಂಬ ಓದಿದವರು. ಎಲೆಯ ಒಂದು ತುಂಡು ತೋರಿಸಿದರೆ ಗಿಡದ ಜಾತಕವನ್ನೇ ಹೇಳುತ್ತಿದ್ದರು. ಸೂಕ್ಷ್ಮದರ್ಶಕದ ಮುಂದೆ ಕೂತರೆ ಊಟ ಮರೆಯುತ್ತಿದ್ದರು. ಅವರಿಂದ ನಾನು ಕಲಿತದ್ದು ಇವತ್ತಿಗೂ ನನ್ನ ಬಂಡವಾಳ.

ಅವರ ಕೋಣೆಯ ಬಾಗಿಲ ಹಿಂದೆ ಒಂದು ನೀಲಿ ಚೀಲ ತೂಗುತ್ತಿತ್ತು. ಶನಿವಾರ ಸಂಜೆಯಾದರೆ ಅದು ನನ್ನ ಕೈಗೆ ಬರುತ್ತಿತ್ತು. “ಸಸ್ಯಶಾಸ್ತ್ರ ಓದಿದವಳು ನೀನು. ನಿನಗಿಂತ ಚೆನ್ನಾಗಿ ಬದನೆಕಾಯಿ ಆರಿಸೋರು ಯಾರಿದ್ದಾರೆ?” ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮಾರುಕಟ್ಟೆಗೆ ಹೋಗಿ, ಹುಳುಕಿಲ್ಲದ ಬದನೆ, ಎಳೆಯ ಬೆಂಡೆ ಆರಿಸಿ, ಅವರ ಮನೆಗೆ ಮುಟ್ಟಿಸಿ ಹಾಸ್ಟೆಲ್ ಸೇರುವಾಗ ದೀಪ ಹಚ್ಚಿರುತ್ತಿದ್ದರು. ಅವರ ಮನೆಯಾಕೆ ಒಳ್ಳೆಯವರು. ಬರಿಹೊಟ್ಟೆಯಲ್ಲಿ ಕಳಿಸಿದವರಲ್ಲ. ಯುಗಾದಿಗೆ ನನಗೆಂದೇ ಎರಡು ಹೋಳಿಗೆ ತೆಗೆದಿಡುತ್ತಿದ್ದರು.

ಕಷ್ಟ ಇರುವುದು ಇಲ್ಲೇ. ಕೆಟ್ಟವರು ಕೆಲಸ ಹೇಳಿದರೆ ಒಳಗಾದರೂ ಬೈದುಕೊಳ್ಳಬಹುದು. ಹೋಳಿಗೆ ಕೊಟ್ಟವರು ಹೇಳಿದರೆ ಏನು ಮಾಡುವುದು? ತರಕಾರಿಯ ಹಿಂದೆಯೇ ಸೀಮೆಎಣ್ಣೆ ಬಂತು, ಸೀಮೆಎಣ್ಣೆಯ ಹಿಂದೆ ಅವರ ಮಗನ ಲೆಕ್ಕದ ಪಾಠ ಬಂತು. ಒಂದೊಂದೂ ಚಿಕ್ಕದು. ಒಂದನ್ನೂ ಬೇಡ ಎನ್ನುವ ಹಾಗಿಲ್ಲ.

ರಾಗಿಯ ಹೂ ನೋಡಿದ್ದೀರಾ ಮಕ್ಕಳೇ? ನೋಡಿದರೂ ಹೂ ಎಂದು ಗೊತ್ತಾಗುವುದಿಲ್ಲ, ಅಷ್ಟು ಚಿಕ್ಕದು. ಅದು ಅರಳುವುದು ಊರೆಲ್ಲ ಮಲಗಿರುವ ಬೆಳಗಿನ ಜಾವದಲ್ಲಿ. ತೆನೆ ಒಡೆದ ಮೇಲೆ ಕೆಲವೇ ದಿನ ಈ ಆಟ. ನಾನು ಅರವತ್ತು ಸಾಲು ರಾಗಿ ಹಾಕಿ, ಯಾವ ಸಾಲು ಯಾವತ್ತು ಹೂ ಬಿಟ್ಟಿತು ಎಂದು ದಿನವೂ ಬರೆದಿಡಬೇಕಿತ್ತು. ಲಾಟೀನು, ಭೂತಗನ್ನಡಿ, ನೋಟ್‌ಬುಕ್ಕು ಹಿಡಿದು ಬದುವಿನ ಮೇಲೆ ಕೂರುವ ಕೆಲಸ. ಸರಿಯಾಗಿ ಆ ವಾರದಲ್ಲೇ ಗೈಡ್ ಅವರ ತಂಗಿಯ ಮಗಳ ಮದುವೆ ಬಂತು. “ಮನೆಯವರ ಜೊತೆ ನಾಲ್ಕು ದಿನ ಹೋಗಿ ಬಾ. ಅಮ್ಮನಿಗೆ ವಯಸ್ಸಾಗಿದೆ, ಬಸ್ಸಿನಲ್ಲಿ ಕೈ ಹಿಡಿಯೋಕೆ ಒಬ್ಬರು ಬೇಕು” ಎಂದರು. ಹೂ ಬಿಡುವ ವಾರ ಎಂದು ಹೇಳಿದೆ. “ರಾಗಿ ಎಲ್ಲಿಗೆ ಓಡಿಹೋಗುತ್ತೆ?” ಎಂದರು.

ರಾಗಿ ಓಡಿಹೋಗಲಿಲ್ಲ. ಆದರೆ ನಾನು ಬರುವಷ್ಟರಲ್ಲಿ ಇಪ್ಪತ್ತೆರಡು ಸಾಲು ಹೂ ಬಿಟ್ಟು ಮುಗಿದಿತ್ತು. ಯಾವತ್ತು ಬಿಟ್ಟಿತು ಎಂದು ಹೇಳುವವರಿಲ್ಲ. ನೋಟ್‌ಬುಕ್ಕಿನಲ್ಲಿ ನಾಲ್ಕು ಹಾಳೆ ಖಾಲಿ. ಮಳೆಗಾಲದ ಬೆಳೆ ಅದು. ಮತ್ತೆ ಬಿತ್ತಬೇಕೆಂದರೆ ಮುಂದಿನ ಮುಂಗಾರು ಬರಬೇಕು. ಒಂದು ಮದುವೆಯ ಬಸ್ ಪ್ರಯಾಣಕ್ಕೆ ನನ್ನ ಒಂದು ವರ್ಷ ಹೋಯಿತು. ಗೈಡ್ “ಮುಂದಿನ ವರ್ಷ ಮಾಡಿದರಾಯ್ತು ಬಿಡು” ಎಂದರು. ಸಮಾಧಾನದ ದನಿಯಲ್ಲೇ ಹೇಳಿದರು. ಕಳೆದದ್ದು ಅವರ ವರ್ಷ ಆಗಿರಲಿಲ್ಲ, ಅಷ್ಟೇ.

ರಜೆಗೆ ಊರಿಗೆ ಹೋದಾಗ ಅಪ್ಪ ಕೇಳಿದರು. ಅವರು ಮೂರನೇ ತರಗತಿ ಓದಿದ ರೈತ. ಎಲ್ಲ ಕೇಳಿಸಿಕೊಂಡು ಎಲೆ ಅಡಿಕೆ ಹಾಕಿಕೊಂಡರು. “ಬೆಳೆ ನಿಂತಿರುವಾಗ ನಾವು ದೇವರ ಜಾತ್ರೆಗೂ ಮನೆಮಂದಿಯೆಲ್ಲ ಹೋಗಲ್ಲ. ಕಾಯೋಕೆ ಒಬ್ಬರನ್ನ ಬಿಟ್ಟೇ ಹೋಗೋದು. ದೇವರು ಕೋಪ ಮಾಡಿಕೊಳ್ಳಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: “ಮೇಷ್ಟ್ರಿಗೆ ಹೊಲದ ಲೆಕ್ಕ ತಿಳಿದಿಲ್ಲವೇನೋ. ನೀನು ಹೇಳು. ಜಗಳ ಆಡಬೇಡ, ಬರೆದುಕೊಡು.”

ಮುಂದಿನ ಮುಂಗಾರಿಗೆ ಬಿತ್ತನೆ ಮುಗಿದ ದಿನವೇ ನಾನು ಒಂದು ಹಾಳೆಯಲ್ಲಿ ತಾರೀಖುಗಳನ್ನು ಬರೆದೆ. ಈ ದಿನದಿಂದ ಈ ದಿನದವರೆಗೆ ನಾನು ಹೊಲ ಬಿಟ್ಟು ಬರಲಾಗದು, ಶನಿವಾರ ಸಂಜೆ ಗ್ರಂಥಾಲಯದಲ್ಲಿ ಇರುತ್ತೇನೆ ಎಂದು. ಕೊಡುವಾಗ ಕೈ ನಡುಗಿತು. ಗೈಡ್ ಕನ್ನಡಕ ಏರಿಸಿ ಓದಿದರು. ಮಾತಾಡಲಿಲ್ಲ. ಮೇಜಿನ ಗಾಜಿನ ಕೆಳಗೆ ಆ ಹಾಳೆಯನ್ನು ಸರಿಸಿ ಇಟ್ಟರು. ಎರಡು ವಾರ ಮುಖ ಬಿಗಿಯಾಗಿತ್ತು. ಆಮೇಲೆ ಒಂದು ಬೆಳಗಿನ ಜಾವ ಹೊಲದ ಬದುವಿನ ಮೇಲೆ ಇನ್ನೊಂದು ಲಾಟೀನು ಬರುವುದು ಕಂಡಿತು. ಅವರೇ ಬಂದಿದ್ದರು, ಹೂ ನೋಡಲು. ಅವತ್ತು ಒಂದು ಗಂಟೆಯಲ್ಲಿ ಅವರು ಹೇಳಿಕೊಟ್ಟದ್ದು ಅಷ್ಟು ಶನಿವಾರಗಳಲ್ಲಿ ಸಿಕ್ಕಿರಲಿಲ್ಲ. ನೀಲಿ ಚೀಲ ಬಾಗಿಲ ಹಿಂದಿನಿಂದ ಯಾವಾಗಲೋ ಮಾಯವಾಗಿತ್ತು.

ಎಲ್ಲ ಗುರುಗಳೂ ಹೀಗೆ ಲಾಟೀನು ಹಿಡಿದು ಬರುತ್ತಾರೆ ಎಂದು ನಾನು ಹೇಳುವುದಿಲ್ಲ. ಕೆಲವರು ಮುಖ ಬಿಗಿ ಹಿಡಿದವರು ಹಿಡಿದೇ ಇರುತ್ತಾರೆ. ಅದಕ್ಕೇ ನಿಯಮ ಬೇಕು, ಸಮಿತಿ ಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ಗುರುಸೇವೆ ನಮ್ಮ ಸಂಸ್ಕೃತಿ ಎನ್ನುವವರು ಆರುಣಿಯ ಕಥೆ ಹೇಳುತ್ತಾರೆ. ಗದ್ದೆಯ ಬದು ಒಡೆದು ನೀರು ಹರಿದುಹೋಗುವಾಗ ತಾನೇ ಅಡ್ಡ ಮಲಗಿ ನೀರು ತಡೆದ ಹುಡುಗ. ಅವನ ಗುರು ಧೌಮ್ಯರು. ಮಹಾಭಾರತದ ಆದಿಪರ್ವದಲ್ಲಿ ಬರುವ ಕಥೆ ಅದು. ನಾವೆಲ್ಲ ಅದನ್ನು ಅಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಧೌಮ್ಯರಿಗೆ ಮೂವರು ಶಿಷ್ಯರು: ಆರುಣಿ, ಉಪಮನ್ಯು, ವೇದ. ಉಪಮನ್ಯು ಹಸಿವು ತಾಳಲಾರದೆ ಎಕ್ಕದ ಎಲೆ ತಿಂದು ಕಣ್ಣು ಕಳೆದುಕೊಂಡು ಬಾವಿಗೆ ಬಿದ್ದ. ಮೂರನೆಯ ವೇದ, ಗುರುಮನೆಯಲ್ಲಿ ಎತ್ತಿನ ಹಾಗೆ ಹೊರೆ ಹೊತ್ತ. ಚಳಿ, ಬಿಸಿಲು, ಹಸಿವು ಎಲ್ಲ ಸಹಿಸಿದ. ಮುಂದೆ ಅವನೂ ಗುರುವಾದ, ಅವನಿಗೂ ಮೂವರು ಶಿಷ್ಯರು ಬಂದರು. ಆಗ ವೇದ ಏನು ಮಾಡಿದ ಗೊತ್ತೇ? ತನ್ನ ಶಿಷ್ಯರಿಗೆ ಮನೆಗೆಲಸ ಹೇಳಲೇ ಇಲ್ಲ. ಗುರುಮನೆಯ ಕಷ್ಟ ಏನೆಂದು ಅವನಿಗೆ ಗೊತ್ತಿತ್ತು, ಅದು ತನ್ನ ಶಿಷ್ಯರಿಗೆ ಬೇಡ ಎನಿಸಿತು.

“ನಾವು ಅನುಭವಿಸಿಲ್ಲವಾ? ಇವರೂ ಅನುಭವಿಸಲಿ” ಎನ್ನುವ ಮಾತು ಎಷ್ಟು ಮನೆಗಳಲ್ಲಿ, ಎಷ್ಟು ಕಾಲೇಜುಗಳಲ್ಲಿ ಕೇಳುತ್ತದೆ! ವೇದ ಆ ಸರಪಳಿಯ ಒಂದು ಕೊಂಡಿಯನ್ನು ಕಳಚಿದ. ಆರುಣಿಯಷ್ಟೇ ವೇದನೂ ನಮ್ಮ ಪರಂಪರೆಯವನೇ. ಅಜ್ಜ ಅಜ್ಜಿಯರೇ, ಈ ಸಲ ಮೊಮ್ಮಕ್ಕಳಿಗೆ ಕಥೆ ಹೇಳುವಾಗ ವೇದನವರೆಗೂ ಹೋಗಿ.

ನಾನು ಗೈಡ್ ಆದಾಗ ನನ್ನ ಕೋಣೆಯಲ್ಲಿ ಕೆಲವು ಪದ್ಧತಿ ಇಟ್ಟುಕೊಂಡೆ. ವಿದ್ಯಾರ್ಥಿಗಳ ಜೊತೆ ಮಾತು ಕೆಲಸದ ವೇಳೆಯಲ್ಲಿ, ಬಾಗಿಲು ತೆರೆದು. ಪ್ರತಿಯೊಬ್ಬರಿಗೂ ವಾರದಲ್ಲಿ ಒಂದು ಗಂಟೆ ಅವರದೇ. ಬರೆದು ಕೊಟ್ಟದ್ದನ್ನು ಹದಿನೈದು ದಿನದೊಳಗೆ ತಿದ್ದಿ ಕೊಡುವುದು. ನನ್ನ ಮನೆಯ ಕೆಲಸ ಅವರಿಗಿಲ್ಲ. ಅವರಿಂದ ಸಾಲವಿಲ್ಲ, ಸೀರೆ ಶಾಲುಗಳ ಉಡುಗೊರೆ ಇಲ್ಲ. ಊರಿನಿಂದ ಒಂದು ಹಿಡಿ ಕಡಲೆಕಾಯಿ ತಂದರೆ ಎಲ್ಲರೂ ಹಂಚಿಕೊಂಡು ತಿನ್ನುವುದು. ಹಬ್ಬಕ್ಕೆ ಕರೆದರೆ ಎಲ್ಲರನ್ನೂ ಕರೆಯುವುದು, ಬರಲಾಗದು ಎಂದವರನ್ನು ಏಕೆ ಎಂದು ಕೇಳದಿರುವುದು.

ಗೆರೆ ಎಂದರೆ ಗುರು ಮಾತ್ರ ಕಾಯಬೇಕಾದದ್ದಲ್ಲ. ಒಮ್ಮೆ ದೂರದ ಜಿಲ್ಲೆಯಿಂದ ಒಬ್ಬ ಹುಡುಗಿ ಸಂಶೋಧನೆಗೆ ಬಂದಳು. ಚುರುಕು ಹುಡುಗಿ, ತಾಯಿ ಇಲ್ಲದವಳು. ಮೊದಲು ಮೇಡಂ ಎನ್ನುತ್ತಿದ್ದವಳು ಆಮೇಲೆ ಅಮ್ಮ ಎನ್ನತೊಡಗಿದಳು. ಸಂಜೆ ಮನೆಗೆ, ರಾತ್ರಿ ಹನ್ನೊಂದಕ್ಕೆ ಫೋನು. ಯಾವ ಬಟ್ಟೆ ಕೊಳ್ಳಲಿ ಎಂಬುದರಿಂದ ಯಾರನ್ನು ಮದುವೆಯಾಗಲಿ ಎಂಬುವವರೆಗೆ ನನ್ನನ್ನೇ ಕೇಳುವುದು. ಪ್ರೀತಿಯ ಹುಡುಗಿ, ಆದರೆ ಅವಳ ಕೆಲಸ ನಿಂತುಹೋಗುತ್ತಿತ್ತು. ಒಂದು ದಿನ ಕೂರಿಸಿಕೊಂಡು ಹೇಳಿದೆ: “ನಾನು ನಿನ್ನ ಅಮ್ಮ ಆಗಿಬಿಟ್ಟರೆ ನಿನ್ನ ಪ್ರಬಂಧ ತಿದ್ದೋರು ಯಾರು? ಅಮ್ಮಂದಿರಿಗೆ ಮಕ್ಕಳು ಬರೆದದ್ದೆಲ್ಲ ಚೆನ್ನಾಗೇ ಕಾಣುತ್ತೆ.” ಅವಳು ಅತ್ತಳು, ಆಮೇಲೆ ನಕ್ಕಳು. ಬುಧವಾರ ನಾಲ್ಕು ಗಂಟೆ ನಿನ್ನದು ಎಂದು ಗೊತ್ತುಮಾಡಿದೆ. ಮನಸ್ಸಿನ ಭಾರ ಹೇಳಿಕೊಳ್ಳಲು ಆಪ್ತಸಮಾಲೋಚಕರೊಬ್ಬರ ಪರಿಚಯ ಮಾಡಿಸಿದೆ. ಹಾಸ್ಟೆಲಿನಲ್ಲಿ ಅವಳಿಗೆ ನಿಧಾನವಾಗಿ ಗೆಳತಿಯರಾದರು. ಪ್ರಬಂಧವನ್ನು ನಾನು ಆರು ಸಲ ತಿರುಗಿ ಬರೆಸಿದೆ. ಅಮ್ಮ ಆಗಿದ್ದರೆ ಎರಡನೇ ಸಲಕ್ಕೇ ಸಾಕು ಎನ್ನುತ್ತಿದ್ದೆನೇನೋ.

ಇನ್ನೊಂದು ಗೆರೆ ಹೆಸರಿನದು. ಕೆಲಸ ಯಾರದೋ ಹೆಸರೂ ಅವರದು. ಹಿರಿಯರಿಗೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ನೆನಪಿರುತ್ತದೆ, ಕ್ಷಯರೋಗಕ್ಕೆ ಕೊಡುತ್ತಿದ್ದದ್ದು. ಕ್ಷಯಕ್ಕೆ ನಾಟಿದ ಮೊದಲ ಆಂಟಿಬಯಾಟಿಕ್ ಅದು. ಅದರ ಹಿಂದೆ ಒಂದು ಗುರು ಶಿಷ್ಯರ ಕಥೆ ಇದೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ 1943ರಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ 23 ವರ್ಷದ ಸಂಶೋಧನಾ ವಿದ್ಯಾರ್ಥಿ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾ, ಮಣ್ಣಿನ ಸೂಕ್ಷ್ಮಜೀವಿಯಿಂದ ಈ ಔಷಧ ಸಿಗುವುದನ್ನು ಕಂಡ. ಅವನ ಗುರು ಸೆಲ್ಮನ್ ವ್ಯಾಕ್ಸ್‌ಮನ್, ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ ಹೆಸರಾಂತ ವಿಜ್ಞಾನಿ. 1944ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಶಾಟ್ಜ್‌ನ ಹೆಸರೇ ಮೊದಲು ಇತ್ತು. ಆದರೆ ಔಷಧ ಜಗತ್ಪ್ರಸಿದ್ಧವಾದಂತೆ ಗುರುವಿನ ಹೆಸರು ದೊಡ್ಡದಾಯಿತು, ಶಿಷ್ಯನದು ಮಸುಕಾಯಿತು. ಔಷಧದ ಹಣದಲ್ಲಿ ಗುರುವಿಗೆ ಪಾಲು ಸಿಗುತ್ತಿದೆ ಎಂದು ತಿಳಿದಾಗ ಶಾಟ್ಜ್ 1950ರಲ್ಲಿ ನ್ಯಾಯಾಲಯಕ್ಕೆ ಹೋದ. ಅದೇ ವರ್ಷ ರಾಜಿಯಾಗಿ ಅವನನ್ನು ಸಹಸಂಶೋಧಕ ಎಂದು ಒಪ್ಪಿಕೊಳ್ಳಲಾಯಿತು, ಹಣದಲ್ಲಿ ಪಾಲೂ ಸಿಕ್ಕಿತು. ಆದರೂ 1952ರ ನೊಬೆಲ್ ಬಹುಮಾನ ಗುರುವೊಬ್ಬರಿಗೇ ಬಂತು. 1994ರಲ್ಲಿ, ಶಾಟ್ಜ್‌ಗೆ ಎಪ್ಪತ್ತು ದಾಟಿದ ಮೇಲೆ, ಅದೇ ರಟ್ಗರ್ಸ್ ಕರೆದು ಪದಕ ಕೊಟ್ಟಿತು.

ಇಲ್ಲಿ ಗುರುವಿನದು ಏನೂ ಇಲ್ಲ ಎಂದಲ್ಲ. ದಾರಿ ತೋರಿದವರು, ಪ್ರಯೋಗಾಲಯ ಕಟ್ಟಿದವರು ವ್ಯಾಕ್ಸ್‌ಮನ್. ಆದರೆ ಯಾರ ಪಾಲು ಎಷ್ಟು ಎಂದು ಮೊದಲೇ ಇಬ್ಬರೂ ಕೂತು ಮಾತಾಡಿದ್ದರೆ, ಜಗತ್ತಿಗೆ ಅಷ್ಟು ಉಪಕಾರ ಮಾಡಿದ ಇಬ್ಬರು ನ್ಯಾಯಾಲಯದಲ್ಲಿ ಎದುರುಬದುರು ನಿಲ್ಲಬೇಕಾಗುತ್ತಿರಲಿಲ್ಲವೇನೋ. ಹೊಲಕ್ಕೆ ಬದು ಹಾಕುವುದು ನೆರೆಯವರ ಮೇಲೆ ದ್ವೇಷದಿಂದಲ್ಲ. ಬದು ಇದ್ದರೆ ಮಳೆನೀರು ನಿಲ್ಲುತ್ತದೆ, ಜಗಳವೂ ಇರುವುದಿಲ್ಲ.

ಈಗ ಸಮಿತಿಗಳ ಮಾತು. ಇವತ್ತಿನ ಪಿಎಚ್.ಡಿ. ವಿದ್ಯಾರ್ಥಿ ಪೂರ್ತಿ ಒಬ್ಬರ ಕೈಯಲ್ಲೇ ಇರಬೇಕಿಲ್ಲ. ಪ್ರತಿಯೊಬ್ಬರಿಗೂ ಸಂಶೋಧನಾ ಸಲಹಾ ಸಮಿತಿ ಇರುತ್ತದೆ. ಸೆಮಿಸ್ಟರಿಗೆ ಒಮ್ಮೆ ಅದರ ಮುಂದೆ ಕೆಲಸ ಒಪ್ಪಿಸಬೇಕು. ಏನಾದರೂ ಅನ್ಯಾಯವಾದರೆ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ, ಅದರ ಮೇಲೆ ಒಂಬುಡ್ಸ್‌ಪರ್ಸನ್ ಇರಬೇಕೆಂದು 2023ರ ನಿಯಮ ಹೇಳುತ್ತದೆ. ಹೆಣ್ಣುಮಕ್ಕಳ ಮೇಲೆ ಅಸಭ್ಯ ವರ್ತನೆ ನಡೆದರೆ ದೂರು ಕೊಡಲು 2013ರ ಕಾನೂನಿನಂತೆ ಆಂತರಿಕ ದೂರು ಸಮಿತಿ ಇದೆ. ದೂರದ ಊರಿನಲ್ಲಿ ಓದುವ ಮಗ, ಮಗಳು, ಮೊಮ್ಮಕ್ಕಳು ಇದ್ದರೆ ಈ ಬಾಗಿಲುಗಳು ಇವೆ ಎಂದು ಅವರಿಗೆ ನೆನಪಿಸಿ.

ಮಕ್ಕಳೇ, ನಿಮಗೆ ಪಿಎಚ್.ಡಿ. ಇನ್ನೂ ದೂರ. ಆದರೆ ಈ ಗೆರೆಯ ಪಾಠ ಈಗಲೇ ಶುರು. ಬೋರ್ಡ್ ಒರೆಸು, ಸೀಮೆಸುಣ್ಣ ತಾ ಎಂದರೆ ಓಡಿಹೋಗಿ ಮಾಡಿ. ಅದು ತರಗತಿಯ ಕೆಲಸ, ಎಲ್ಲರ ಕೆಲಸ. ಆದರೆ ಟ್ಯೂಷನ್ ಮೇಷ್ಟ್ರೇ ಆಗಲಿ, ಸಂಗೀತದ ಮೇಡಂ ಆಗಲಿ, ಕ್ರಿಕೆಟ್ ಕೋಚ್ ಆಗಲಿ, “ಇದನ್ನ ಮನೆಯಲ್ಲಿ ಹೇಳಬೇಡ” ಎಂದರೆ ಅದನ್ನೇ ಮೊದಲು ಮನೆಯಲ್ಲಿ ಹೇಳಿ. ಒಳ್ಳೆಯ ಗುರುವಿಗೆ ನಿಮ್ಮ ಮನೆಯವರಿಂದ ಮುಚ್ಚಿಡುವಂಥದ್ದು ಏನೂ ಇರುವುದಿಲ್ಲ. ಹೇಳಲು ಯಾರೂ ಇಲ್ಲ ಎನಿಸಿದರೆ 1098 ಎಂಬ ಮಕ್ಕಳ ಸಹಾಯವಾಣಿ ಇದೆ. ಇನ್ನು ಚಿಕ್ಕಪುಟ್ಟ ವಿಷಯಕ್ಕೆ “ಸರ್, ಇವತ್ತು ಆಗಲ್ಲ, ನಾಳೆ ಪರೀಕ್ಷೆ ಇದೆ” ಎಂದು ಮೆಲ್ಲಗೆ, ನೇರವಾಗಿ ಹೇಳುವುದನ್ನು ರೂಢಿ ಮಾಡಿಕೊಳ್ಳಿ. ಅದು ಅವಿಧೇಯತೆಯಲ್ಲ. ಅದನ್ನು ಕೇಳಿಯೂ ನಿಮ್ಮ ಅಂಕ ಕಡಿಮೆ ಮಾಡದವರೇ ನಿಜವಾದ ಮೇಷ್ಟ್ರು.

ಅಜ್ಜ ಅಜ್ಜಿಯರೇ, ಮಗು ಬಂದು ಮೇಷ್ಟ್ರ ಬಗ್ಗೆ ಏನೋ ಹೇಳಲು ತಡವರಿಸಿದಾಗ “ಗುರುಗಳ ಬಗ್ಗೆ ಹಾಗೆಲ್ಲ ಮಾತಾಡಬಾರದು” ಎಂದು ಬಾಯಿ ಮುಚ್ಚಿಸಬೇಡಿ. ನಮ್ಮಪ್ಪನ ಹಾಗೆ ಎಲೆ ಅಡಿಕೆ ಹಾಕಿಕೊಂಡು ಪೂರ್ತಿ ಕೇಳಿ. ಸಿಟ್ಟಾಗಿ ಶಾಲೆಗೆ ನುಗ್ಗುವ ಮುಂಚೆ ಒಂದು ಹಾಳೆಯಲ್ಲಿ ಏನಾಯಿತು, ಯಾವಾಗ ಆಯಿತು ಎಂದು ಬರೆದಿಡಿ. ಅರ್ಧ ತೊಂದರೆಗಳಿಗೆ ಆ ಹಾಳೆಯೇ ಸಾಕಾಗುತ್ತದೆ. ಉಳಿದರ್ಧಕ್ಕೆ ಆ ಹಾಳೆ ಇಲ್ಲದೆ ಆಗುವುದಿಲ್ಲ.

ನಾನು ಆರು ಸಲ ತಿರುಗಿ ಬರೆಸಿದೆನಲ್ಲ, ಆ ಹುಡುಗಿ ಈಗ ಬೇರೆ ಊರಿನಲ್ಲಿ ಪ್ರೊಫೆಸರ್. ಅವಳ ಕೈಕೆಳಗೆ ನಾಲ್ಕು ಮಂದಿ ಸಂಶೋಧನೆ ಮಾಡುತ್ತಿದ್ದಾರೆ. ಈಗಲೂ ಬುಧವಾರ ನಾಲ್ಕು ಗಂಟೆಗೇ ಫೋನ್ ಮಾಡುತ್ತಾಳೆ. ಹೋದ ವಾರ ಮಾಡಿದಾಗ ದನಿಯಲ್ಲಿ ಏನೋ ಇತ್ತು.

“ಮೇಡಂ, ಭಾನುವಾರ ಒಂದು ಸಭೆಗೆ ಬಾ ಅಂತ ನನ್ನ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆ. ಅವನು, ‘ಮೇಡಂ, ನನಗೆ ಆಗಲ್ಲ’ ಅಂದುಬಿಟ್ಟ.”

“ನೀನೇನು ಅಂದೆ?”

“ಸರಿ ಅಂದೆ.”

“ಬೇಜಾರಾಯ್ತಾ?”

“ಒಂದು ನಿಮಿಷ ಆಯ್ತು” ಎಂದು ನಕ್ಕಳು. “ಆಮೇಲೆ, ನನ್ನ ಮುಂದೆ ಅಷ್ಟು ಧೈರ್ಯವಾಗಿ ಹೇಳಿದನಲ್ಲ ಅಂತ ಖುಷಿ ಆಯ್ತು.”